ಉಳಿದ ಕಾಲಿಗೂ ಕತ್ತಿ

ಅರವತ್ತರ ದಶಕದ ಮೊದಲ ವರ್ಷಗಳು. ಊರಿಗಾಂ ಚಿನ್ನದ ಗಣಿಯ ಆಳದಲ್ಲಿ ಬಂಡೆ ಸಿಡಿದು ನನ್ನ ಬಲಗಾಲಿನ ಮೇಲೆ ಕೂತಿತು. ಜೊತೆಯವರು ಹಾರೆ ಹಾಕಿ ಎತ್ತುವಷ್ಟರಲ್ಲಿ ಒಂದು ಪಾಳಿಯೇ ಮುಗಿದಿತ್ತು. ಆಸ್ಪತ್ರೆಯಲ್ಲಿ ಕಾಲನ್ನು ಗರಗಸದಿಂದ ಕೊಯ್ದು ತೆಗೆದರು. ಹೋದರೆ ಹೋಗಲಿ ಹಾಳು ಕಾಲು, ಜೀವ ಉಳಿಯಿತಲ್ಲ ಅಂದುಕೊಂಡೆ. ಆಮೇಲೆ ಮೂತ್ರ ನಿಂತುಹೋಯಿತು.

ಜಜ್ಜಿದ ಮಾಂಸದ ವಿಷ ರಕ್ತಕ್ಕೆ ಸೇರಿತ್ತು. "ನಿನ್ನ ಮೂತ್ರಪಿಂಡಗಳು ಮುಷ್ಕರ ಹೂಡಿವೆ" ಎಂದರು ಸರ್ಜನ್. ಅವು ಮತ್ತೆ ಕೆಲಸ ಹಿಡಿಯುವವರೆಗೆ ನನ್ನ ರಕ್ತವನ್ನು ಹೊರಗೆ ತೆಗೆದು ತೊಳೆದು ಒಳಗೆ ಬಿಡಬೇಕು, ಇಲ್ಲದಿದ್ದರೆ ಸಾವು. ಅದಕ್ಕಾಗಿ ಪೀಪಾಯಿಗೆ ತೆಳ್ಳನೆಯ ಕೊಳವೆ ಸುತ್ತಿ ಅವರೇ ಒಂದು ಯಂತ್ರ ಮಾಡಿದ್ದರು. ಹಿಂದಿನ ಶೆಡ್ಡಿನಲ್ಲಿ ಬಂಗಾರಪೇಟೆಯ ಬೀದಿನಾಯಿಗಳ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಒಂದರ ಮೂತ್ರಪಿಂಡ ಕಿತ್ತು ಇನ್ನೊಂದಕ್ಕೆ ಹೊಲಿಯುತ್ತಿದ್ದರು. ಆ ಊಳು ವಾರ್ಡಿನವರೆಗೂ ಬರುತ್ತಿತ್ತು.

ಸಂಗತಿ ತಿಳಿದ ನಮ್ಮಪ್ಪ, "ನನ್ದೊಂದು ಕಿತ್ತು ಇವನಿಗೆ ಆಕಿ ಸಾಮಿ" ಎಂದು ಗೋಗರೆದ.

"ನಾಯಿಗೇ ನಿಂತಿಲ್ಲ ಕಣಯ್ಯಾ, ಸುಮ್ಮನಿರು" ಎಂದು ಸರ್ಜನ್ ಗದರಿದರು.

ರಕ್ತ ತೊಳೆಯುವುದಕ್ಕಿಂತ ಅದನ್ನು ಹೊರತೆಗೆಯಲು ದಾರಿ ಹುಡುಕುವುದೇ ಕಷ್ಟವಾಗಿತ್ತು. ಪ್ರತಿ ಸಲವೂ ಹೊಸದಾಗಿ ಕೊಯ್ದು ರಕ್ತನಾಳಕ್ಕೆ ಕೊಳವೆ ತೂರಿಸಬೇಕು. ತೆಗೆದ ಮೇಲೆ ಆ ಜಾಗ ಸತ್ತಂತೆ. ನನ್ನ ಎಡಗೈ ಹೀಗೇ ಮುಗಿಯಿತು. ಬಲಗೈಗೆ ಅವರು ನಾಯಿಗಳ ಮೇಲೆ ನೋಡಿದ್ದ ಹೊಸ ಉಪಾಯ ಹೂಡಿದರು. ಎರಡು ನಾಳಗಳ ನಡುವೆ ಚರ್ಮದ ಹೊರಗೇ ಒಂದು ಸಣ್ಣ ಕೊಳವೆ. ರಕ್ತ ಅದರಲ್ಲಿ ಹಗಲೂ ರಾತ್ರಿ ಓಡುತ್ತಿದ್ದರೆ ಮತ್ತೆ ಕೊಯ್ಯಬೇಕಿಲ್ಲ. ಮುಟ್ಟಿದರೆ ಬೆಚ್ಚಗಿರುತ್ತಿತ್ತು.

ಒಂದು ಮಧ್ಯಾಹ್ನ ನಾನು ನಿದ್ದೆ ಹೋಗಿದ್ದಾಗ ಅಪ್ಪ ಕಾಮಸಮುದ್ರದ ಮಂತ್ರವಾದಿ ಮಂತ್ರಿಸಿಕೊಟ್ಟ ತಾಯಿತವನ್ನು ಅದೇ ತೋಳಿಗೆ ಬಿಗಿದ. ಗಂಡಸಿಗೆ ಬಲತೋಳಿಗೇ ಕಟ್ಟಬೇಕು, ಸಡಿಲವಾದರೆ ಫಲವಿಲ್ಲ ಎಂಬುದು ನಮ್ಮ ಕಡೆಯ ಶಾಸ್ತ್ರ. ಸಂಜೆಗೆ ಕೊಳವೆ ತಣ್ಣಗಾಗಿತ್ತು. ತಾಯಿತದ ಬಿಗಿತಕ್ಕೆ ಓಟ ನಿಂತು ಒಳಗೆ ರಕ್ತ ಕಪ್ಪಗೆ ಹೆಪ್ಪುಗಟ್ಟಿತ್ತು.

ಸರ್ಜನ್ ತಾಯಿತವನ್ನು ಕತ್ತರಿಸಿ ಗೋಡೆಗೆ ಎಸೆದರು. ಸಲಕರಣೆಯ ತಟ್ಟೆಯನ್ನು ಒದ್ದರು. "ಮಗನನ್ನು ನೀನೇ ಕೊಲ್ಲುತ್ತಿದ್ದೀಯಲ್ಲೋ! ಇನ್ನು ಉಳಿದದ್ದು ಆ ಕಾಲೊಂದೇ. ಕಣಕಾಲಲ್ಲಿ ಕೊಯ್ದು ಕೊಳವೆ ಹಾಕಬೇಕು" ಎಂದು ಅರಚಿದರು.

"ಒಂದ್ ಕಾಲು ತಿಂದೆ, ಇನ್ನೊಂದ್ಕೂ ಕತ್ತಿ ಇಕ್ತೀಯೇನಲಾ!" ಎಂದವನೇ ಅಪ್ಪ ಹಿತ್ತಾಳೆ ಚೊಂಬಿನಿಂದ ಅವರ ಮುಖಕ್ಕೆ ಬೀಸಿದ. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ಮೊದಲು ಒಡೆದದ್ದು ಡಾಕ್ಟರ ಹುಬ್ಬು. ವಾರ್ಡಿನ ಆಳುಗಳು ಅಪ್ಪನನ್ನು ಕೆಡವಿಕೊಂಡು ಗುದ್ದತೊಡಗಿದಾಗ ದವಡೆಯ ಸರದಿಯೂ ಬಂತು.

ನನಗೆ ಇಬ್ಬರ ಮೇಲೂ ರೋಷ ಉಕ್ಕಿತು. "ಸಾಯ್ತಿರೋನು ನಾನು ಕಣಪ್ಪೋ! ಕೊಯ್ಯಿ ಸಾರ್, ನನ್ ಕಾಲು, ನಾನ್ ಒಪ್ಪೀವ್ನಿ!" ಎಂದು ಕಿರುಚಿದೆ.

"ಬಿಡ್ರೋ ಅವನನ್ನ! ಕಾಲು ಹಿಡಿಯೋಕೆ ಅವನೇ ಬೇಕು" ಎಂದರು ಸರ್ಜನ್. ಹುಬ್ಬಿಗೆ ಪಟ್ಟಿ ಸುತ್ತಿಸಿಕೊಂಡು, ಕೈ ತೊಳೆದು ಬಂದರು. ಮರಗಟ್ಟಿಸುವ ಸೂಜಿಮದ್ದು ಸರಿಯಾಗಿ ಹತ್ತಲಿಲ್ಲ. ಕತ್ತಿ ಇಳಿದಾಗ ನಾನು ಒದ್ದೆ, ಉಗಿದೆ, ಬಾಯಿಗೆ ಬಂದಂತೆ ಬೈದೆ. ಅಪ್ಪ ನನ್ನ ಮೊಣಕಾಲಿನ ಮೇಲೆ ಇಡೀ ಮೈ ಹಾಕಿ ಮಲಗಿದ್ದ. ಅವನ ಬಾಯಿಂದ ರಕ್ತ ಸೋರುತ್ತಿತ್ತು.

ಕೆಲಸ ಮುಗಿದಾಗ ಸರ್ಜನ್ ಅವನ ಬೆರಳು ಹಿಡಿದು ಕೊಳವೆಗೆ ಮುಟ್ಟಿಸಿದರು. "ಬಿಸಿ ಇದೆಯಾ?"

"ಓಡ್ತಾ ಐತೆ ಸಾಮಿ" ಎಂದ ಅಪ್ಪ.

ಎರಡು ವಾರದ ಮೇಲೆ ಒಂದು ಬೆಳಿಗ್ಗೆ ಬಾಟಲಿಯ ತಳದಲ್ಲಿ ಒಂದು ಗುಟುಕಿನಷ್ಟು ಮೂತ್ರ ಬಂತು. ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ವಾರ್ಡಿನ ತುಂಬಾ ತೋರಿಸುತ್ತಾ ಹೊರಟ.

"ಅಳೀಬೇಕು ಕಣಯ್ಯಾ, ಚೆಲ್ಲಬೇಡ!" ಎಂದು ಸರ್ಜನ್ ಹಿಂದೆಯೇ ಓಡಿದರು.

"ನನ್ ರಕ್ತ ಚೆಲ್ಲಿದ್ರೂ ಇದನ್ನ ಚೆಲ್ಲಲ್ಲ" ಎಂದ ಅಪ್ಪ, ಬಾಟಲಿಯನ್ನು ಎದೆಗವಚಿಕೊಂಡು ಅಲ್ಲೇ ನೆಲದ ಮೇಲೆ ಕುಕ್ಕರಿಸಿ ಗೋಳೋ ಎಂದು ಅತ್ತ.