ಕಾಶ್ಮೀರಿ ಗೇಟಿನ ಎರಡನೆಯ ಕಿಟಕಿ

ತುಮಕೂರು ಬಿಡುವಾಗ ನನ್ನ ಚೀಲದಲ್ಲಿ ಶಾಲೆಯಿಂದ ಕಡ ತಂದ ಕ್ಯಾಮೆರಾ, ಒಂದು ಡಬ್ಬಿ ಚಕ್ಕುಲಿ, ತಂಗಿ ಶಾರದೆ ಹೊಲಿದ ನೀಲಿ ಪರದೆ ಇದ್ದವು. ಅವಳಿಗೆ ಉಬ್ಬಸ. ಗಂಡ ಶ್ರೀಧರ ದೆಹಲಿಯಲ್ಲಿ ಸರ್ಕಾರಿ ಗುಮಾಸ್ತ. ಮೂರು ವರ್ಷ ಅಲ್ಲಿನ ರೋಹಿಣಿ ಬಡಾವಣೆಯಲ್ಲಿ ಗೆಳೆಯರ ಜೊತೆ ಇದ್ದವನು ಈಗ ಅವಳನ್ನು ಕರೆಸಿಕೊಳ್ಳಲೆಂದು ಹಳೆಯ ದೆಹಲಿಯ ಕಾಶ್ಮೀರಿ ಗೇಟಿನಲ್ಲಿ ಕೋಣೆ ಹಿಡಿದಿದ್ದ. ರಸ್ತೆಗೆ ದೊಡ್ಡ ಕಿಟಕಿ ಇದೆ ಎಂದು ಬರೆದು, ಅವಳು ಕೇಳಿದ ಮೇಲೆ ಅಳತೆಯನ್ನೂ ಕಳಿಸಿದ್ದ.

"ಗಾಳಿ ಬೆಳಕು ಹೇಗಿದೆ ಅಂತ ನೀನೇ ನೋಡ್ಕೊಂಡು ಬಾ ಅಣ್ಣ. ನೀನು ಸರಿ ಅಂದ್ರೆ ಹೊರಡ್ತೀನಿ. ಪರದೆ ಹಾಕಿ ಒಂದು ಫೋಟೋನೂ ತೆಗಿ" ಎಂದಳು.

ಜನವರಿ ತಿಂಗಳು. ಆಗ್ರಾ ಬರುವ ಹೊತ್ತಿಗೆ ಮಂಜು ಕವಿದು ರೈಲು ತೆವಳತೊಡಗಿತು. ಎರಡು ರಾತ್ರಿ ಕಳೆದು ಹೊಸ ದೆಹಲಿ ತಲುಪಿದಾಗ ಮಧ್ಯಾಹ್ನ ಮೂರು. ಐದು ಗಂಟೆ ತಡ. ಅಲ್ಲಿಂದ ಮೆಟ್ರೋ. ಹೊರಬರುವಾಗ ಟೋಕನ್ ಎಲ್ಲಿ ಹಾಕಬೇಕೋ ತಿಳಿಯದೆ ನಿಂತೆ. ಹಿಂದಿನವರು ಬೈದದ್ದು ಹಿಂದಿಯಲ್ಲಾದ್ದರಿಂದ ಅರ್ಧ ಮಾತ್ರ ತಾಗಿತು.

ಇಪ್ಪತ್ತೆರಡು ವರ್ಷದಿಂದ ನಾನು ಡ್ರಾಯಿಂಗ್ ಮೇಷ್ಟ್ರು. ಇಂಗ್ಲೆಂಡಿನ ಜಾರ್ಜ್ ದೊರೆಗಳ ಕಾಲದ ಶೈಲಿಯ ಮನೆಯನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೆ. ಕಣ್ಣಾರೆ ಕಂಡದ್ದು ಅಂದೇ, ಶ್ರೀಧರನ ವಿಳಾಸ ಹುಡುಕಿ ಹೋದಾಗ. ಕೆಳಗೆ ಮೋಟಾರು ಬಿಡಿಭಾಗಗಳ ಅಂಗಡಿ, ಮೇಲೆ ಮನೆ. ನಟ್ಟನಡುವೆ ಬಾಗಿಲು, ಅದರ ನೆತ್ತಿಯಲ್ಲಿ ಬೀಸಣಿಗೆಯಂತೆ ಅರ್ಧವೃತ್ತದ ಗಾಜು, ಎರಡೂ ಪಕ್ಕ ಗೋಡೆಗಂಟಿದ ಚಪ್ಪಟೆ ಕಂಬ. ಮೇಲೆ ಸಾಲಾಗಿ ಐದು ಕಿಟಕಿ. ಹಾಳೆಯನ್ನು ನಡುವೆ ಮಡಿಸಿದರೆ ಎಡದ್ದು ಬಲದ್ದರ ಮೇಲೆ ಕೂರಬೇಕು ಎಂದು ಮಕ್ಕಳಿಗೆ ಹೇಳುತ್ತಿದ್ದೆನಲ್ಲ, ಹಾಗೆಯೇ ಇತ್ತು. ಗಾರೆ ಉದುರಿ ಇಟ್ಟಿಗೆ ಕಾಣುತ್ತಿತ್ತು, ಕಂಬಗಳಿಗೆ ಗ್ರೀಸಿನ ಜಿಡ್ಡು ಹತ್ತಿತ್ತು. ಆದರೂ ಎರಡು ನಿಮಿಷ ನೋಡುತ್ತಾ ನಿಂತೆ. ಎಡದಿಂದ ಎರಡನೆಯ ಕಿಟಕಿ ಶ್ರೀಧರನದು. ಹಸಿರು ಕದ ಮುಚ್ಚಿತ್ತು. ಚಳಿಗೆ ಮುಚ್ಚಿರಬೇಕು ಎಂದುಕೊಂಡೆ.

ಶ್ರೀಧರ ರಜೆ ಹಾಕಿ ಕಾಯುತ್ತಿದ್ದ. ಮೆಟ್ಟಿಲೇರಿ ಒಳಗೆ ಹೋದರೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಕಿಟಕಿ ಇರಬೇಕಾದ ಕಡೆ ಬರೀ ಗೋಡೆ. ತಟ್ಟಿ ನೋಡಿದೆ. ಮಂಜಿನಷ್ಟೇ ತಣ್ಣಗಿತ್ತು.

ಆ ಗೋಡೆಯೊಳಗೆ ಹಳೆಯ ಅಗ್ಗಿಷ್ಟಿಕೆಯ ಹೊಗೆಗೂಡು ಏರಿ ಹೋಗಿದೆಯಂತೆ. ಅಲ್ಲಿ ಕಿಟಕಿ ಇಡುವಂತಿಲ್ಲ. ಹೊರಗಿನ ಸಾಲು ಕೆಡಬಾರದೆಂದು ಕಟ್ಟಿದವರು ಹೊರಮೈಯಲ್ಲಿ ಮಾತ್ರ ಚೌಕಟ್ಟು, ಕದ ಕೂರಿಸಿದ್ದಾರೆ. ಒಡೆಸಬಹುದೇ ಎಂದು ಕೇಳಿದ್ದಕ್ಕೆ, ಗೋಡೆಯೇ ಕುಸಿಯುತ್ತದೆ ಎಂದರಂತೆ ಕೆಳಗಿನ ಅಂಗಡಿಯ ಲಾಲಾಜಿ.

"ಮುಂಗಡ ಕೊಟ್ಟ ದಿನ ಕೋಣೆಗೆ ಬೀಗ ಇತ್ತು ಭಾವ. ರಸ್ತೆಯಿಂದ ನೋಡಿ ಖುಷಿಗೆ ಅವತ್ತೇ ಕಾಗದ ಹಾಕ್ಬಿಟ್ಟೆ. ಅವಳು ಅಳತೆ ಕೇಳಿದಾಗ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಪಕ್ಕದವರ ಕಿಟಕಿಯಿಂದ ಬಗ್ಗಿ ಅಳೆದೆ" ಎಂದ ಶ್ರೀಧರ.

ಬೇಸಿಗೆಗೆ ಘಾಜಿಯಾಬಾದಿನಲ್ಲಾದರೂ ಬೇರೆ ಮನೆ ನೋಡುತ್ತೇನೆ, ಅಲ್ಲಿಯವರೆಗೆ ಅವಳಿಗೆ ಹೇಳಬೇಡಿ, ಒಬ್ಬನೇ ಇದ್ದು ಸಾಕಾಗಿದೆ ಎಂದು ಕೈ ಹಿಡಿದುಕೊಂಡ. ಒಲೆಯ ಮೇಲೆ ಒಬ್ಬನಿಗಾಗುವಷ್ಟೇ ದೊಡ್ಡ ಕುಕ್ಕರು ಕೂಗುತ್ತಿತ್ತು. ಹಾವೂ ಸಾಯದಂತೆ ಕೋಲೂ ಮುರಿಯದಂತೆ "ನೋಡೋಣ" ಎಂದೆ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಇಬ್ಬರೂ ಸೇರಿ ಬರೀ ಗೋಡೆಗೆ ಮೊಳೆ ಹೊಡೆದು ಪರದೆ ಕಟ್ಟಿದೆವು. ನಾನೇ ಫೋಟೋ ತೆಗೆದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು, ಆದರೂ ತೆಗೆದೆ. ಸಂಜೆ ಹೊರಡುವಾಗ ರಸ್ತೆಯಿಂದ ತಿರುಗಿ ನೋಡಿದೆ. ಐದೂ ಕಿಟಕಿ ಒಂದೇ ಥರ ಕಂಡವು.

ಊರಿಗೆ ಬಂದು ರೋಲು ತೊಳೆಸಿ ಶಾರದೆಗೆ ಕೊಟ್ಟೆ. ಗಾಳಿ ಬೆಳಕು ಪರವಾಗಿಲ್ಲ ಎಂದೂ ಹೇಳಿದೆ. ಅವಳು ಪಟವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಎಷ್ಟು ಗಂಟೆಗೆ ತೆಗೆದಿದ್ದು?"

"ಬೆಳಿಗ್ಗೆ ಹನ್ನೊಂದಕ್ಕೆ."

ಪಟದಲ್ಲಿ ಪರದೆಯ ಮೇಲುಗಡೆ ಉರಿಯುತ್ತಿದ್ದ ಟ್ಯೂಬ್‌ಲೈಟಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. ಪಟವನ್ನು ನನ್ನ ಕೈಗೇ ವಾಪಸು ಕೊಟ್ಟಳು.

"ಅವರು ಹೆದರಿ ಬರೆದ್ರು, ಬಿಡು. ನಿನ್ನನ್ನ ಕಳಿಸಿದ್ದು ನೋಡ್ಕೊಂಡು ಬರೋಕಲ್ವಾ ಅಣ್ಣ?"