ಸಮಾಧಾನಕರ ಬಹುಮಾನ

ಮೊದಲ ಸಲ ವಾಂತಿಯಾದಾಗ ಅವಲಕ್ಕಿಯ ತಪ್ಪು ಎಂದುಕೊಂಡೆ. ಎರಡನೆಯ ಸಲ ಎಣ್ಣೆಯ ತಪ್ಪು. ಮೂರನೆಯ ಸಲ ಮಗಳು ಚೈತ್ರಾ ಏನೂ ತಿಂದಿರಲಿಲ್ಲ. ಬರೀ ಹಳದಿ ನೀರು ಬಂತು. ಯೂನಿಫಾರ್ಮ್ ಹಾಕಿ, ಬ್ಯಾಗು ಹೆಗಲಿಗೇರಿಸಿ, ಬಚ್ಚಲ ಗೋಡೆ ಹಿಡಿದು ನಿಂತಿದ್ದಳು. ಅಂಗೈ ಮುಟ್ಟಿದೆ. ತಣ್ಣಗಿತ್ತು.

ಆಮೇಲೆ ಊಟ ಸೇರುವುದೇ ನಿಂತಿತು. ತಟ್ಟೆಯ ಮುಂದೆ ಕೂತು ಅರ್ಧ ರೊಟ್ಟಿಯನ್ನು ಚೂರು ಚೂರು ಮಾಡಿ ಎದ್ದು ಹೋಗುವಳು. ನಾನೇ ಹೊಲಿದ ಯೂನಿಫಾರ್ಮನ್ನು ನಾನೇ ಎರಡು ಸಲ ಬಿಚ್ಚಿ ಬಿಗಿ ಮಾಡಿದೆ.

ಹತ್ತನೆಯ ಕ್ಲಾಸು ಬೇರೆ.

ಹಗರಿಬೊಮ್ಮನಹಳ್ಳಿಯಲ್ಲಿ ನನ್ನದೊಂದು ಲೇಡೀಸ್ ಟೈಲರ್ ಅಂಗಡಿ. ಬ್ಲೌಸು ಹೊಲಿಸಲು ಬರುವವರೆಲ್ಲ ಅಂದಿನಿಂದ ಡಾಕ್ಟರಾದರು. ಒಬ್ಬಳು ದೃಷ್ಟಿ ಎಂದಳು, ಇನ್ನೊಬ್ಬಳು ಜಂತುಹುಳ ಎಂದಳು. ಹರಪನಹಳ್ಳಿಯಿಂದ ನನ್ನ ಭಾವ, ಅಂದರೆ ಗಂಡನ ಅಣ್ಣ, ಫೋನು ಮಾಡಿದರು. ಮಗನ ಮಾರ್ಕ್ಸನ್ನು ಬಂಗಾರದ ರೇಟು ಹೇಳಿದಂತೆ ಹೇಳುವ ಮನುಷ್ಯ ಅವರು.

"ಮೊಬೈಲ್ ಕಿತ್ಕೊಳಮ್ಮ, ತಾನೇ ಸರಿ ಹೋಗ್ತೈತಿ."

"ಆಕಿ ಕೈಯಾಗ ಮೊಬೈಲೇ ಇಲ್ರಿ ಭಾವಾರೆ."

"ಹಂಗಾರೆ ಒಂದು ಕೊಡ್ಸು. ಅದ್ರಾಗೆ ಕ್ಲಾಸ್ ನೋಡ್ಲಿ."

ಹೇಳುವವರು ಹೆಡ್ಡರಾದರೆ ಕೇಳುವವರಿಗಾದರೂ ಬುದ್ಧಿ ಬೇಡವೇ? ನನ್ನ ಗಂಡ ಅಣ್ಣನ ಮಾತಿಗೆ ತಲೆಯಾಡಿಸುತ್ತ ಮೊಬೈಲ್ ಅಂಗಡಿಗೇ ಹೊರಟಿದ್ದರು. ನಾನು ತಡೆದೆ.

ಊರಿನ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರೈಟಿಸ್ ಎಂದು ಸಿರಪ್ ಕೊಟ್ಟರು. ವಾಂತಿ ನಿಲ್ಲಲಿಲ್ಲ. ಹೊಸಪೇಟೆಗೆ ಹೋದೆವು. ಬ್ಲಡ್ ಟೆಸ್ಟ್, ಯೂರಿನ್ ಟೆಸ್ಟ್, ಸ್ಕ್ಯಾನಿಂಗ್, ಕೊನೆಗೆ ಎಂಡೋಸ್ಕೋಪಿ. ಬಾಯೊಳಗೆ ಪೈಪು ಇಳಿಸುವಾಗ ನನ್ನ ಕೈಯನ್ನು ಎಷ್ಟು ಗಟ್ಟಿ ಹಿಡಿದಳೆಂದರೆ ಬಳೆ ಒಡೆಯಿತು. ಶಾಲೆಯ ಟೆಸ್ಟಿಗೆ ಹೆದರಿ ಊಟ ಬಿಟ್ಟ ಹುಡುಗಿಗೆ (ಅದು ನನಗೂ ಆಮೇಲೆ ತಿಳಿದದ್ದು) ಟೆಸ್ಟಿನ ಮೇಲೆ ಟೆಸ್ಟು ಬರೆದುಕೊಟ್ಟ ಬುದ್ಧಿವಂತರು ಅವರು. ಎಲ್ಲದರಲ್ಲೂ ನಾರ್ಮಲ್ ಬಂತು. ಭಾವನಿಗೆ ಹೇಳಿದೆ.

"ಎಲ್ಲಾ ನಾರ್ಮಲ್ ಅಂದ್ರೆ ನಾಟಕ ಅಂತ ಅರ್ಥ," ಎಂದರು.

ನಾಟಕವಂತೆ.

ಕೊನೆಗೆ ಸರ್ಕಾರಿ ಆಸ್ಪತ್ರೆಗೆ ಹೋದದ್ದು ನಂಬಿಕೆಯಿಂದಲ್ಲ, ಬೇರೆ ಬಾಗಿಲು ಉಳಿದಿರಲಿಲ್ಲ ಎಂದು. ಅಲ್ಲಿ ಒಬ್ಬ ಸಣ್ಣ ವಯಸ್ಸಿನ ಲೇಡಿ ಡಾಕ್ಟರು ಇದ್ದರು. ಫೈಲು ಬದಿಗಿಟ್ಟು ಒಂದೇ ಪ್ರಶ್ನೆ ಕೇಳಿದರು.

"ವಾಂತಿ ಶುರುವಾಗಿದ್ದು ಯಾವ ದಿನಗಳಲ್ಲಿ?"

"ಟೆಸ್ಟ್ ಇದ್ದ ದಿನ್ರೀ," ಎಂದೆ.

ಹೇಳಿದ ಮೇಲೆ ನನಗೇ ಕೇಳಿಸಿತು.

ಆಂಗ್ಸೈಟಿ ಎಂದು ಬರೆದರು. "ಹೊಟ್ಟೆಯಲ್ಲಿ ರೋಗ ಇಲ್ಲ. ಹಾಗಂತ ನಾಟಕಾನೂ ಅಲ್ಲ. ಹೆದರಿಕೆ ಹೊಟ್ಟೆಗೆ ಇಳಿದಿದೆ," ಎಂದರು. ವಾರಕ್ಕೊಮ್ಮೆ ಕೌನ್ಸೆಲಿಂಗ್‌ಗೆ ಬರಬೇಕು, ಮನೆಯಲ್ಲಿ ಚಿತ್ರವೋ ಮಣ್ಣಿನ ಬೊಂಬೆಯೋ ಏನಾದರೂ ಕೈಯಿಂದ ಮಾಡಲಿ ಎಂದೂ ಹೇಳಿದರು.

"ಚಿತ್ರ ಬರದ್ರ ವಾಂತಿ ನಿಲ್ತಾವೇನ್ರಿ?"

"ಅದೊಂದರಿಂದಲೇ ಅಲ್ಲಮ್ಮ. ಮಾಡಿ ನೋಡೋಣ."

ಮನಸ್ಸಿನಲ್ಲೇ ನಕ್ಕೆ. ನನ್ನ ಕಸುಬಿನಲ್ಲಿ ಕಲೆ ಎಂದರೆ ಬಟ್ಟೆಗೆ ಅಂಟಿದ ಅರಿಶಿನ, ಎಣ್ಣೆ. ಉಜ್ಜಿ ತೆಗೆಯುವುದು ಗೊತ್ತು, ಔಷಧಿ ಮಾಡುವುದು ಗೊತ್ತಿಲ್ಲ.

ಆದರೂ ಶಾಲೆಗೆ ಹೋಗಿ ಹೆಡ್ ಮಾಸ್ತರಿಗೆ ಹೇಳಿದೆ. ಅವರಿಗೆ ಭಾರೀ ಹುರುಪು ಬಂತು. ಮುಂದಿನ ವಾರವೇ 'ಕಲೆಯಿಂದ ಕಳವಳ ಮಾಯ' ಎಂದು ಬ್ಯಾನರು ಕಟ್ಟಿಸಿ ಹತ್ತನೆಯ ಕ್ಲಾಸಿಗೆ ಶಿಬಿರ ಇಟ್ಟರು. ಪಾಲಕಳೆಂದು ನನ್ನನ್ನೂ ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಎಲ್ಲಿಂದಲೋ ಬಂದ ಜುಬ್ಬಾದ ಅತಿಥಿಯೊಬ್ಬರು ಕೈಮೇಲೆತ್ತಿ, "ಮಕ್ಕಳೇ, ನಿಮ್ಮ ನಿಮ್ಮ ಭಯವನ್ನು ಚಿತ್ರಿಸಿ. ಅರ್ಧ ಗಂಟೆ ಸಮಯ," ಎಂದರು. ಗಂಟೆ ಹೊಡೆಯಿತು. ಹೆಡ್ ಮಾಸ್ತರು ಬೆಂಚುಗಳ ನಡುವೆ ಕೈಕಟ್ಟಿಕೊಂಡು ಓಡಾಡಿದರು. "ಮಾತಾಡಬ್ಯಾಡ್ರಿ. ಬಾಜೂದವ್ರದು ನೋಡಬ್ಯಾಡ್ರಿ." ಮಕ್ಕಳು ತಂತಮ್ಮ ಭಯವನ್ನು ಪಕ್ಕದವರು ಕಾಪಿ ಹೊಡೆದಾರೆಂದು ಹಾಳೆಗೆ ತೋಳು ಅಡ್ಡ ಇಟ್ಟುಕೊಂಡವು. ನಗು ತಡೆಯಲು ಸೆರಗು ಬಾಯಿಗೆ ಹಿಡಿದೆ.

ಚೈತ್ರಾ ಮಾತ್ರ ಯಾರನ್ನೂ ನೋಡುತ್ತಿರಲಿಲ್ಲ. ಹಾಳೆ ತುಂಬ ನೀಲಿ ಬಳಿಯುತ್ತಿದ್ದಳು. ಬರೀ ನೀಲಿ. ನಾಲಿಗೆಯ ತುದಿ ಹೊರಗೆ ಬಂದಿತ್ತು, ಸಣ್ಣವಳಿದ್ದಾಗ ಬರುತ್ತಿದ್ದ ಹಾಗೆ. ಎಷ್ಟೋ ತಿಂಗಳ ಮೇಲೆ ಅವಳ ಭುಜ ಸಡಿಲಾದದ್ದು ಕಂಡೆ. ಡಾಕ್ಟರು ಹೇಳಿದ್ದು ನಿಜವೇ ಇರಬೇಕು ಎಂದುಕೊಂಡೆ.

ಆಮೇಲೆ ಮೈಕು ಬಂತು. ಪ್ರಥಮ, ದ್ವಿತೀಯ, ತೃತೀಯ. ಕೊನೆಗೆ ನನ್ನ ಮಗಳ ಹೆಸರು ಕರೆದು, ಫೋಟೊದವನ ಕಡೆ ತಿರುಗಿ ನಿಲ್ಲಿಸಿ, ಸಮಾಧಾನಕರ ಬಹುಮಾನ ಎಂದರು. ಕೊಡಲು ಹೊರಟಿದ್ದು ಸಮಾಧಾನ, ಕೊಟ್ಟಿದ್ದು ಒಂದು ಪ್ಲಾಸ್ಟಿಕ್ ಡಬ್ಬಿ. ಅತಿಥಿಗಳು ಬುದ್ಧಿಯನ್ನೂ ಹೇಳಿದರು: "ಭಯ ಇನ್ನೂ ಸ್ವಲ್ಪ ಸ್ಪಷ್ಟವಾಗಿ ಮೂಡಿಬರಬೇಕಿತ್ತಮ್ಮ."

ಮೂಡಿಬಂತು. ಅಲ್ಲೇ, ಅವರ ಚಪ್ಪಲಿಯ ಮೇಲೆ ವಾಂತಿ ಮಾಡಿಕೊಂಡಳು.

ಮರುದಿನ ಎದ್ದವಳೇ, "ಅವ್ವಾ, ನಾ ಸಾಲಿಗೆ ಹೋಗಂಗಿಲ್ಲ. ಪರೀಕ್ಷಿ ಬರಿಯಂಗಿಲ್ಲ," ಎಂದಳು. ಅಳಲೂ ಇಲ್ಲ. ಅದೇ ನನಗೆ ಹೆದರಿಕೆಯಾಯಿತು. ಭಾವ ಫೋನಿನಲ್ಲೇ ತೀರ್ಪು ಕೊಟ್ಟರು, "ಬಿಡಿಸ್ಬಿಡಮ್ಮ, ಹೊಲಿಗೆ ಕಲೀಲಿ." ಹೊಲಿಗೆಯೆಂದರೆ ದಡ್ಡರ ದೊಡ್ಡಿ ಎಂದು ಅವರ ಲೆಕ್ಕ. ತಮ್ಮ ಅಂಗಿಯ ತೋಳು ಹೆಗಲಿಗೆ ನೆಟ್ಟಗೆ ಕೂರಲು ಎಷ್ಟು ಗಣಿತ ಬೇಕೆಂದು ಆ ಮಹಾನುಭಾವರಿಗೆ ಯಾರು ಹೇಳಬೇಕು?

ಅಂಗಡಿಗೆ ಕರೆದುಕೊಂಡು ಬಂದೆ. ಮೂಲೆಯಲ್ಲಿ ಕೂತಳು. ಲೈನಿಂಗ್ ಬಟ್ಟೆಯ ತುಂಡೊಂದನ್ನು ಎಳೆದುಕೊಂಡು, ನಾನು ಬಟ್ಟೆಗೆ ಗೆರೆ ಹಾಕುವ ಚಾಕ್‌ಪೀಸಿನಿಂದ ಏನೋ ಗೀಚಿದಳು. ಕೋಳಿ ಇರಬೇಕು. ಬಾಗಿ ನೋಡಿ, "ಚಲೋ ಬಂದೈತಲ್ಲ," ಎಂದೆ. ತಕ್ಷಣ ಬಟ್ಟೆ ಹಿಡಿದು ಒದರಿದಳು. ಪುಡಿ ಹಾರಿತು, ಕೋಳಿ ಹೋಯಿತು.

"ಚಲೋ ಐತಿ ಅನಬ್ಯಾಡ ಅವ್ವಾ. ಅದೂ ಮಾರ್ಕ್ಸೇ."

ಕತ್ತರಿ ಕೆಳಗಿಟ್ಟೆ.

ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ನಾವು ಎಷ್ಟು ಜನರನ್ನು ಹಂಗಿಸಿಲ್ಲ. ನನ್ನ ಮಗಳಿಗೆ ಬೇಕಾಗಿದ್ದುದು ಅದೇ ಜಾಗ. ಲೆಕ್ಕಕ್ಕೆ ಹಿಡಿಯದ ಜಾಗ. ಡಾಕ್ಟರಿಗೆ ಹೇಳಿದಾಗ, "ಹತ್ತಿರ ಕೂತಿರಿ, ನೋಡಬೇಡಿ," ಎಂದರು. ನನ್ನ ಬಾಯಿ ಊರಿಗೇ ಗೊತ್ತು. ಅದನ್ನು ಮುಚ್ಚಿಕೊಂಡು ಮಷೀನು ತುಳಿಯುವುದು ಎಂಡೋಸ್ಕೋಪಿಗಿಂತ ಕಷ್ಟವಾಯಿತು. ಗಿರಾಕಿಯೊಬ್ಬಳು, "ಅಯ್ಯ, ಎಷ್ಟ್ ಚಂದ ಬರದಾಳ್ರೀ," ಎಂದು ಬಾಯಿ ತೆಗೆದಳು. "ನಿಮ್ಮ ಬ್ಲೌಸಿನ ಅಳತಿ ಕಡಿ ಲಕ್ಷ್ಯ ಇರ್ಲಿ," ಎಂದೆ. ಹೆಡ್ ಮಾಸ್ತರು ಫೋನು ಮಾಡಿ, ಶಿಬಿರದ ವರದಿಗೆ ಚೈತ್ರಾಳ ಹೊಸ ಚಿತ್ರ ಕಳಿಸಿ ಎಂದು ಕೇಳಿದರು.

"ಒದರೀವ್ರಿ," ಎಂದೆ.

ದಿನಾ ಗೀಚುವುದು, ಒದರುವುದು. ವಾರಕ್ಕೊಮ್ಮೆ ಆಸ್ಪತ್ರೆ. ಒಂದು ದಿನ ತಾನಾಗಿಯೇ ಗಣಿತದ ಪುಸ್ತಕ ಅಂಗಡಿಗೆ ತಂದಳು. ಲೆಕ್ಕವನ್ನೂ ಚಾಕ್‌ಪೀಸಿನಿಂದ ಬಟ್ಟೆಯ ಮೇಲೆ ಮಾಡಿ ಒದರಿದಳು. ಶಾಲೆಗೆ ಹೋದಳು. ಮೊದಲ ಟೆಸ್ಟಿನಲ್ಲಿ ಅರ್ಧಕ್ಕೇ ಎದ್ದು ಬಂದಳು. ಮುಂದಿನದರಲ್ಲಿ ಬರೆದಾದ ಮೇಲೆ ವಾಂತಿ. ಡಾಕ್ಟರು ಅದನ್ನು ಪ್ರೋಗ್ರೆಸ್ ಎಂದರು.

ಪೂರ್ತಿ ಹೋಗಿದೆ ಎಂದು ನಾನು ಹೇಳುವುದಿಲ್ಲ. ಈಗಲೂ ಪ್ರಶ್ನೆಪತ್ರಿಕೆ ಎಂದರೆ ಅಂಗೈ ತಣ್ಣಗಾಗುತ್ತದೆ. ಆ ಡಾಕ್ಟರಿಗೆ ನಾನು ಋಣಿ. ಚಿತ್ರಕ್ಕೂ ಋಣಿಯೇ, ಬ್ಯಾನರಿಗೆ ಅಲ್ಲ.

ವಾರ್ಷಿಕ ಪರೀಕ್ಷೆಯ ಗಣಿತದ ಪೇಪರಿನ ದಿನ ಮೂರು ತಾಸೂ ಕೂತು ಬರೆದು ಬಂದಳು. ಕೈಕಾಲು ತೊಳೆದು ಒಲೆಯ ಹತ್ತಿರ ಕೂತಳು. ಹೇಗೆ ಬರೆದೆ ಎಂದು ನಾನು ಕೇಳಲಿಲ್ಲ. ರೊಟ್ಟಿ ಬಡಿಯುತ್ತಿದ್ದೆ. ಆಗಲೇ ಭಾವನ ಫೋನು.

"ಪೇಪರ್ ಹೆಂಗಾತಂತಮ್ಮ? ಎಷ್ಟು ಬರ್ತಾವಂತೆ?"

ಚೈತ್ರಾಳ ತಟ್ಟೆ ನೋಡಿದೆ.

"ಎರಡು ಮುಗದಾವ್ರಿ ಭಾವಾರೆ."

"ಎರಡಾ! ಬರೇ ಎರಡು ಪ್ರಶ್ನೆನಾ?"

"ಎರಡು ರೊಟ್ಟಿರಿ. ಮೂರನೇದು ಕೇಳ್ಯಾಳ. ಹಂಚಿನ ಮ್ಯಾಲೈತಿ, ಹೊತ್ತಿ ಹೋಗತೈತಿ. ಫೋನ್ ಇಡ್ರಿ."