ಚಕ್ರದ ಸದ್ದಿಗೆ ಕಿವಿ

ಇವತ್ತು ಬೆಳಿಗ್ಗೆ ಕುಕ್ಕರ್ ಕೂಗಿ ಕೂಗಿ ಸುಸ್ತಾಯಿತು. ನಾನು ಬಚ್ಚಲಲ್ಲಿದ್ದೆ, ನಮ್ಮೆಜಮಾನರು ಅಡುಗೆಮನೆಯ ಪಕ್ಕದ ಹಾಲಿನಲ್ಲೇ ಕೂತಿದ್ದರು. ಒದ್ದೆ ತಲೆಯಲ್ಲೇ ಓಡಿಬಂದು ಒಲೆ ಆರಿಸಿದೆ. ಇವರು ಪೇಪರಿನಿಂದ ಮುಖವೆತ್ತಿ, "ಏನೋ ಸೀದ ವಾಸನೆ ಬರ್ತಿದೆಯಲ್ಲ?" ಅಂದರು. ಮೂಗು ನೆಟ್ಟಗಿದೆ. ಹಾಗಾದರೆ ಕಿವಿ?

ಪರದೇಶದ ಈ ನಿಲಾಯ್ ಊರಿನ ಎತ್ತರದ ಫ್ಲಾಟಿನಲ್ಲಿ ತಳ ಹಿಡಿದ ಬೇಳೆ ಉಜ್ಜುತ್ತಾ ನಿಂತಾಗ ವಾರಿಜಕ್ಕನ ಮನೆ ನೆನಪಾಯಿತು. ಆಕೆ ಉಡುಪಿಯ ಕಡೆಯವರು. ಗಂಡ ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಡಾಕ್ಟರು. ಎಲ್ಲರೂ ಕಾಂಡೋ ಫ್ಲಾಟು ಕೊಂಡರೆ, ಈ ಗಂಡ ಹೆಂಡತಿ ಹಳ್ಳದ ದಂಡೆಯಲ್ಲಿ ಪಾಳು ಬಿದ್ದಿದ್ದ ಭತ್ತದ ಗಿರಣಿ ಕೊಂಡರು. ಹಿಂದೆ ಹೊರಗಿನ ನೀರಿನ ಚಕ್ರ ತಿರುಗಿ ಒಳಗೆ ಒನಕೆ ಎತ್ತುತ್ತಿದ್ದ ಜಾಗದಲ್ಲಿ ಈಗ ಸೋಫಾ. ಸುತ್ತ ಗುಂಡಗೆ ಕತ್ತರಿಸಿದ ಗಿಡಗಳು, ಕೆಂಪು ಶುಂಠಿಹೂವಿನ ಸಾಲು, ಜಗಲಿಯೆದುರು ತಾವರೆಕೊಳ. ಚಕ್ರಕ್ಕೆ ಬಿದಿರಿನ ಕೊಳವೆ ಕಟ್ಟಿಸಿ, ಅದು ಎತ್ತಿದ ನೀರು ಕೊಳಕ್ಕೆ ಸುರಿಯುವಂತೆ ಡಾಕ್ಟರು ಮಾಡಿಸಿದ್ದರು. ಸದಾ ಅದಕ್ಕೇ ಮುಖಮಾಡಿ ಕೂರುತ್ತಿದ್ದರು. ಶೋಕಿ ಅಂದುಕೊಂಡಿದ್ದೆ.

ಒಂದು ದಿನ ವಾರಿಜಕ್ಕ ಫೋನು ಮಾಡಿದರು. "ನಾನು ಸೆರೆಂಬಾನ್ ಪೇಟೆಗೆ ಹೋಗಿ ಹಲ್ಲು ಕೀಳಿಸಿ ಬರ್ಬೇಕು. ನೀನೊಂದು ದಿನ ಇಲ್ಲಿ ಬಂದು ಕೂತ್ಕೊಳ್ತೀಯಾ?"

"ಡಾಕ್ಟ್ರಿಗೆ ಅಡುಗೆಗಾ?"

"ಅಡುಗೆಗಲ್ಲ ಮಾರಾಯ್ತಿ, ಕೇಳಿಸ್ಕೊಳ್ಳಿಕ್ಕೆ."

ವಿಷಯ ಇಷ್ಟು. ಮೇಲೆ ಬೆಟ್ಟದಲ್ಲಿ ಮಳೆ ಬಂದರೆ ಕೊಂಬೆ ರೆಂಬೆ ತೇಲಿಬಂದು ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಚಕ್ರ ನಿಂತ ಕೂಡಲೇ ನೀರು ಪಕ್ಕಕ್ಕೆ ಹರಿಯುವಂತೆ ತೂಬಿನ ಹಲಗೆ ಎತ್ತಬೇಕು, ಇಲ್ಲದಿದ್ದರೆ ನೀರು ಮನೆಯೊಳಗೆ. ಎತ್ತುವವರು ಡಾಕ್ಟರು. ಅವರ ಕಿವಿ ಮಂದವಾಗುತ್ತಿತ್ತು. "ಅದು ಅವರಿಗೇ ಗೊತ್ತಾದ್ರೆ, ಇನ್ನು ನನ್ನಿಂದಾಗೂದಿಲ್ಲ ಅಂತ ಈ ಮನೆ ಮಾರಿಬಿಡ್ತಾರೆ. ಜೀವ ಬಿಡ್ತಾರೆ ಆಮೇಲೆ." ಅದಕ್ಕೇ ಆಕೆ ಹಗಲೆಲ್ಲ ತಾವೇ ಕಿವಿಯಾಗಿ, ಸದ್ದು ನಿಂತರೆ "ಬನ್ನಿ, ಗಿಡ ನೋಡುವ" ಎಂದು ಅವರನ್ನು ಚಕ್ರದ ಕಡೆ ಕರೆದೊಯ್ಯುತ್ತಿದ್ದರಂತೆ. ಹಲ್ಲುನೋವನ್ನು ಲವಂಗ ಕಚ್ಚಿಕೊಂಡೇ ದೂಡಿದ್ದರು.

ಹೋದೆ. ಕಿರ್ರ್, ದಬಕ್. ಕಿರ್ರ್, ದಬಕ್. ಎರಡು ಸದ್ದಿನ ನಡುವೆ ನನ್ನ ಉಸಿರೂ ನಿಲ್ಲುತ್ತಿತ್ತು. ಬೆಟ್ಟದ ಕಡೆ ಗುಡುಗಿತು. ಸುಮ್ಮನೆ ಕೂರಲಾರದ ಜನ್ಮ ನೋಡಿ ನನ್ನದು, ಚಟ್ನಿಯಾದರೂ ರುಬ್ಬೋಣವೆಂದು ಮಿಕ್ಸಿ ಹಾಕಿದೆ. ಆರಿಸಿದಾಗ ಹೊರಗೆ ಏನೂ ಇಲ್ಲ. ಕಿರ್ರ್ ಇಲ್ಲ, ದಬಕ್ ಇಲ್ಲ.

ಚಟ್ನಿಯ ಕೈಯಲ್ಲೇ ಓಡಿದೆ. ಜಗಲಿಯ ಕುರ್ಚಿ ಖಾಲಿ. ಹಳ್ಳದ ಹತ್ತಿರ ಹೋದರೆ, ಡಾಕ್ಟರು ಪಂಚೆ ಎತ್ತಿ ಕಟ್ಟಿ, ಹಲಗೆ ಎತ್ತಿ ಮುಗಿಸಿ, ಕೊಂಬೆ ಎಳೆಯುತ್ತಿದ್ದಾರೆ!

"ಎಂತ ಓಡೂದು ಮಾರಾಯ್ರೆ, ಜಾರ್ತದೆ. ನಿಮ್ಮನ್ನು ಕಾವಲಿಗೆ ಕೂರಿಸಿ ಹೋದಳಾ?" ಎಂದು ನಕ್ಕರು. ಅವರು ಕೊಳದತ್ತ ಬೆರಳು ತೋರಿಸಿದರು. ಕೊಳವೆಯ ನೀರು ನಿಂತುಹೋಗಿತ್ತು. "ಕಿವಿಗೆ ಕೇಳದಿದ್ರೆ ಕಣ್ಣಿಗೆ ಕಾಣ್ತದಲ್ಲ. ಅವಳಿಗೆ ಹೇಳ್ಬೇಡಿ. ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದಾಳೆ ಪಾಪ."

ಸಂಜೆ ವಾರಿಜಕ್ಕ ಹತ್ತಿ ತುರುಕಿದ ಕೆನ್ನೆಯಲ್ಲಿ ಬಂದು, ಕಣ್ಣಲ್ಲೇ ಕೇಳಿದರು. "ಒಂದು ಸಲ ನಿಂತಿತ್ತು, ನಾನೇ ಕರ್ಕೊಂಡು ಹೋದೆ," ಎಂದೆ.

ಇಷ್ಟು ನೆನೆಯುವಷ್ಟರಲ್ಲಿ ಕುಕ್ಕರ್ ಬೆಳ್ಳಗಾಗಿತ್ತು. ಬಾಗಿಲ ಪರದೆಯ ಹಿಂದೆ ನಿಂತೇ "ಕಾಫಿ ಕುಡೀತೀರಾ?" ಅಂದೆ. ಉತ್ತರವಿಲ್ಲ. ಪರದೆ ಸರಿಸಿ ಕೇಳಿದೆ.

"ಅರ್ಧ ಲೋಟ," ಅಂದರು, ತಟ್ಟನೆ.

ಆಗ ಕುರ್ಚಿ ನೋಡಿದೆ. ಬಾಲ್ಕನಿಯ ಕಡೆಗಿದ್ದದ್ದು ಅಡುಗೆಮನೆಯ ಬಾಗಿಲಿಗೆ ಮುಖಮಾಡಿ ಯಾವಾಗ ತಿರುಗಿತು? ಬೆಳಕು ಚೆನ್ನಾಗಿರುತ್ತೆ ಎಂದಿದ್ದರು ಎಂದೋ. ಬೆಳಕು ಬರುವುದು ಬೆನ್ನಿನ ಕಡೆಯಿಂದ; ಬೀಳುವುದು ಬಾಗಿಲಲ್ಲಿ ನಿಂತ ನನ್ನ ಮುಖದ ಮೇಲೆ.

ಪರದೆಯನ್ನು ಪೂರ್ತಿ ಪಕ್ಕಕ್ಕೆ ಸರಿಸಿ, ಮತ್ತೆ ಜಾರದಂತೆ ಗಟ್ಟಿಯಾಗಿ ಗಂಟು ಹಾಕಿದೆ.